ಪುಲಿಗೆರೆಯ ನೆನಪು: ಕೆರೆ ಮೊದಲು, ಹುಲಿ ಆಮೇಲೆ

(ಕೆರೆಬಿಳಚಿಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ ಮತ್ತು ಒಂಕುಂದ. ಇವುಗಳಲ್ಲಿ ಪುಲಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಹಳಗನ್ನಡದ ‘ಪುಲಿ’ಯೇ ಹೊಸಗನ್ನಡದ ಹುಲಿ. ಹುಲಿಯ ಕೆರೆ ಎಂಬ ಅರ್ಥವೇ ಆ ಹೆಸರಿಗೆ ರೂಢಿಯಲ್ಲಿದೆ. ಇಂದು ಲಕ್ಷ್ಮೇಶ್ವರದ ಸುತ್ತ ಹತ್ತಿ, ಶೇಂಗಾ, ಜೋಳದ ಹೊಲಗಳಿವೆಯೇ ಹೊರತು ಹುಲಿಯಿಲ್ಲ. ಪ್ರಾಣಿ ಹೋದ ಮೇಲೂ ಅದು ನೀರು ಕುಡಿದ ಜಾಗದ ಹೆಸರು ಉಳಿದಿದೆ. ಕರ್ನಾಟಕದ ಹಲವು ತಾಲ್ಲೂಕುಗಳಲ್ಲಿ ಹುಲಿಕೆರೆ, ಹುಲಿಹಳ್ಳಿ ಎಂಬ ಊರುಗಳು ಸಿಗುತ್ತವೆ. ಹುಲಿಯೊಡನೆ ಕಾದಾಡಿ ಸತ್ತವರ ವೀರಗಲ್ಲುಗಳೂ ಸಿಗುತ್ತವೆ. ಹೆಸರು, ಕಲ್ಲು ಎರಡನ್ನೂ ಕೂಡಿಸಿ ಓದಬೇಕು. ಕೆರೆಯ ಬಳಿ ಹುಲಿಯಿತ್ತು ಎಂಬುದು ಒಂದು ಸತ್ಯ. ಅದರ ಬೆಲೆಯನ್ನು ದನ ಕಾಯುವವನು ತೆರುತ್ತಿದ್ದನು ಎಂಬುದು ಇನ್ನೊಂದು ಸತ್ಯ.

ಈ ಮಾತುಗಳನ್ನು ಸೂಳೆಕೆರೆಯ ಮಗ್ಗುಲಿನ ಊರಿನಲ್ಲಿ ಆಡುವುದಕ್ಕೆ ಕಾರಣವಿದೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಚಿಕ್ಕದೊಂದು ಏರಿಯನ್ನು ಕಟ್ಟಿ, ಸುಮಾರು 6,550 ಎಕರೆಯ ಜಲರಾಶಿಯನ್ನು ನಿಲ್ಲಿಸಿದ ಈ ಕೆರೆ ಕನ್ನಡನಾಡಿನ ಹಿರಿಯ ನಿರ್ಮಾಣಗಳಲ್ಲೊಂದು. ಸಿದ್ಧನಾಲೆ, ಬಸವನಾಲೆಗಳು ಹೊಲಗದ್ದೆಗಳಿಗೆ ನೀರೊಯ್ಯುತ್ತವೆ. ಚಿತ್ರದುರ್ಗದ ಮನೆಗಳಲ್ಲಿ ಕುಡಿಯುವ ನೀರೂ ಇಲ್ಲಿಂದಲೇ ಹೋಗುತ್ತದೆ. ಶಾಂತವ್ವೆಯು ಕೆರೆ ಕಟ್ಟಿಸಲು ಹೊರಟಾಗ ಆ ನೆಲ ವೇಶ್ಯೆಯರದಾಗಿತ್ತೆಂದೂ, ತಮ್ಮ ಹೆಸರಿಡುವುದಾದರೆ ಮಾತ್ರ ನೆಲ ಬಿಟ್ಟುಕೊಡುವುದಾಗಿ ಅವರು ಕರಾರು ಮಾಡಿದರೆಂದೂ ಜನಪದ ಹೇಳುತ್ತದೆ. ಇದು ಇತಿಹಾಸವೋ ಕಥೆಯೋ, ಅದರೊಳಗಿನ ತಿಳಿವಳಿಕೆ ಮಾತ್ರ ನಿಜ. ನೆಲ ಬಿಟ್ಟುಕೊಟ್ಟವರ ಹೆಸರು ಅಳಿಯಬಾರದು. ಹುಲಿಯ ಮಾತಿಗೆ ಬಂದಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ.

ಪ್ರಪಂಚದ ಹಲವೆಡೆ ಈಗ ಒಂದು ಪ್ರಯತ್ನ ನಡೆದಿದೆ. ಹಾಳಾದ ಜೌಗುನೆಲವನ್ನು ಸರಿಪಡಿಸಿ, ಅಲ್ಲಿಂದ ಕಣ್ಮರೆಯಾದ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಯನ್ನು ಮರಳಿ ನೆಲೆಗೊಳಿಸುವುದು. ಇದರಲ್ಲಿ ಹೆಸರಾದುದು ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಇಬೆರಾ. ಕೊರಿಯೆಂತೆಸ್ ಪ್ರಾಂತ್ಯದ ಈ ಜೌಗುಸೀಮೆ ಸುಮಾರು 13 ಲಕ್ಷ ಹೆಕ್ಟೇರ್ ವಿಸ್ತಾರದ್ದು. ಐನೂರು ಸೂಳೆಕೆರೆಗಳನ್ನು ಒತ್ತಟ್ಟಿಗೆ ಇಟ್ಟಷ್ಟು. ಅಲ್ಲಿನ ಗುವರಾನಿ ಜನರ ಭಾಷೆಯಲ್ಲಿ ‘ಇಬೆರಾ’ ಎಂದರೆ ಹೊಳೆಯುವ ನೀರು. ಅಲ್ಲಿನ ಹುಲಿಯೆಂದರೆ ಮೈಮೇಲೆ ಹೂವಿನಂಥ ಮಚ್ಚೆಗಳಿರುವ, ಚಿರತೆಗಿಂತ ದಪ್ಪನೆಯ ಜಾಗ್ವಾರ್. ನೀರನ್ನು ಕಂಡರೆ ಹಿಂಜರಿಯದ, ಚೆನ್ನಾಗಿ ಈಜುವ ಪ್ರಾಣಿ. ಬೇಟೆಗೂ ದನಗಾಹಿಗಳ ದ್ವೇಷಕ್ಕೂ ಸಿಕ್ಕಿ ಅದು ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆ ಪ್ರಾಂತ್ಯದಿಂದ ಅಳಿದುಹೋಗಿತ್ತು.

1990ರ ದಶಕದ ಕೊನೆಯಲ್ಲಿ ಅಮೆರಿಕದ ಡಗ್ಲಸ್ ಮತ್ತು ಕ್ರಿಸ್ಟಿನ್ ಟಾಂಪ್ಕಿನ್ಸ್ ದಂಪತಿ ಅಲ್ಲಿ ಹುಲ್ಲುಗಾವಲಿನ ಎಸ್ಟೇಟುಗಳನ್ನು ಕೊಳ್ಳತೊಡಗಿದರು. ಪರದೇಶದವರು ನಮ್ಮ ನೀರನ್ನು ಕಬಳಿಸಲು ಬಂದಿದ್ದಾರೆ ಎಂದು ಸ್ಥಳೀಯರು ಶಂಕಿಸಿದರು. ಆ ಶಂಕೆ ಅಸಹಜವೇನಲ್ಲ. ಕೊಂಡ ಸುಮಾರು ಒಂದೂವರೆ ಲಕ್ಷ ಹೆಕ್ಟೇರ್ ನೆಲವನ್ನು ದೇಶಕ್ಕೇ ದಾನವಾಗಿ ಒಪ್ಪಿಸಿ, 2018ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ ಆ ಮಾತು ತಣ್ಣಗಾಯಿತು. ದಾನ ಪೂರ್ಣಗೊಳ್ಳುವ ಮುನ್ನವೇ, 2015ರಲ್ಲಿ, ಡಗ್ಲಸ್ ತೀರಿಕೊಂಡಿದ್ದರು.

ಕೃಷಿಕರಿಗೆ ಇಲ್ಲಿ ಗಮನಾರ್ಹವಾದುದು ಕೆಲಸ ನಡೆದ ಕ್ರಮ. ಜಾಗ್ವಾರ್‌ನ್ನು ಮೊದಲು ತರಲಿಲ್ಲ. ಮೊದಲು ನೆಲದಿಂದ ದನಗಳ ಒತ್ತಡವನ್ನು ಇಳಿಸಿದರು, ಬೇಟೆಯನ್ನು ನಿಲ್ಲಿಸಿದರು. 2007ರಲ್ಲಿ ದೈತ್ಯ ಇರುವೆಭಕ್ಷಕವನ್ನು ತಂದು ಬಿಟ್ಟರು. ಆಮೇಲೆ ಹುಲ್ಲುಗಾವಲಿನ ಜಿಂಕೆ, ಕಾಡುಹಂದಿಯನ್ನು ಹೋಲುವ ಪೆಕರಿ, ಮಕಾವ್ ಗಿಳಿ ಇತ್ಯಾದಿಗಳು ಬಂದವು. ಜಾಗ್ವಾರ್‌ನ ಮುಖ್ಯ ಆಹಾರವಾದ ಕಾಪಿಬಾರ, ಅಂದರೆ ಹಂದಿಯಷ್ಟು ದೊಡ್ಡದಾಗಿ ಬೆಳೆಯುವ ಇಲಿಯ ಜಾತಿಯ ಪ್ರಾಣಿ, ಅಲ್ಲಿ ಹೇರಳವಾಯಿತು. ಸಾನ್ ಅಲೊನ್ಸೊ ಎಂಬ ನಡುಗಡ್ಡೆಯಲ್ಲಿ ವಿಶಾಲವಾದ ಬೇಲಿಯ ಆವರಣಗಳನ್ನು ಕಟ್ಟಿ 2015ರಲ್ಲಿ ಮೊದಲ ಜಾಗ್ವಾರ್‌ನ್ನು ತಂದರು. 2018ರಲ್ಲಿ ಅಲ್ಲಿ ಮೊದಲ ಮರಿಗಳು ಹುಟ್ಟಿದವು. ಅವುಗಳ ತಾಯಿ ತಾನಿಯಾ ಮೃಗಾಲಯದಲ್ಲಿ ಬೆಳೆದ, ಒಂದು ಕಾಲಿಲ್ಲದ ಹೆಣ್ಣು. ಅದು ಕಾಡಿಗೆ ಹೋಗಲಾರದು. ಆದರೆ ಅದರ ಮರಿಗಳು ಮನುಷ್ಯರ ಸಹವಾಸವಿಲ್ಲದೆ, ಜೀವಂತ ಬೇಟೆಯನ್ನು ಹಿಡಿಯಲು ಕಲಿತು ಬೆಳೆದವು. 2021ರ ಜನವರಿಯಲ್ಲಿ ಮರಿಯುವಾ ಎಂಬ ಹೆಣ್ಣನ್ನು ಅದರ ಎರಡು ಮರಿಗಳೊಡನೆ ಹೊರಗೆ ಬಿಡಲಾಯಿತು. ಸುಮಾರು ಎಪ್ಪತ್ತು ವರ್ಷಗಳ ನಂತರ ಆ ಜೌಗಿನಲ್ಲಿ ಜಾಗ್ವಾರ್‌ನ ಹೆಜ್ಜೆ ಮೂಡಿತು. ಹಿಂದೆ ಅದೇ ನೀರಿನಲ್ಲಿ ಬೇಟೆಯಾಡಿ ಬದುಕುತ್ತಿದ್ದವರಲ್ಲಿ ಕೆಲವರು ಇಂದು ಕಾವಲುಗಾರರು, ದೋಣಿ ನಡೆಸುವ ಮಾರ್ಗದರ್ಶಿಗಳು.

ನೆಲ ಕೊಳ್ಳತೊಡಗಿದ ದಿನದಿಂದ ಜಾಗ್ವಾರ್ ಹೊರಗೆ ಕಾಲಿಟ್ಟ ದಿನದವರೆಗೆ ಎರಡು ದಶಕಗಳಿಗಿಂತ ಹೆಚ್ಚು ಕಾಲ ಹಿಡಿದಿದೆ. ಅಡಿಕೆ ಸಸಿ ನೆಟ್ಟವನು ಫಸಲಿಗಾಗಿ ಐದಾರು ವರ್ಷ ಕಾಯುತ್ತಾನೆ. ಕಾಡಿನ ಫಸಲಿಗೆ ಅದಕ್ಕಿಂತ ದೀರ್ಘವಾದ ತಾಳ್ಮೆ ಬೇಕು.

ಇದೇ ಕ್ರಮವನ್ನು ಮುರಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲೇ ನಿದರ್ಶನವಿದೆ. ರಾಜಸ್ಥಾನದ ಸರಿಸ್ಕಾದಲ್ಲಿ ಕಳ್ಳಬೇಟೆಯಿಂದ ಹುಲಿಗಳೆಲ್ಲವೂ ಅಳಿದುದು 2005ರ ಹೊತ್ತಿಗೆ ಬಯಲಾಯಿತು. 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರಿನಲ್ಲಿ ಹುಲಿಗಳನ್ನು ತರಲಾಯಿತು. ಹಾಗೆ ಮೊದಲು ತಂದ ಗಂಡುಹುಲಿ 2010ರಲ್ಲಿ ವಿಷಪ್ರಾಶನದಿಂದ ಸತ್ತಿತು. ಹುಲಿಯನ್ನು ಹೆಲಿಕಾಪ್ಟರಿನಲ್ಲಿ ತರಬಹುದು, ಊರಿನ ಒಪ್ಪಿಗೆಯನ್ನು ಹಾಗೆ ತರಲಾಗದು. ಮಧ್ಯಪ್ರದೇಶದ ಪನ್ನಾದಲ್ಲಿಯೂ 2009ರ ಹೊತ್ತಿಗೆ ಹುಲಿಯಿರಲಿಲ್ಲ. ಅಲ್ಲಿಗೆ ಪೆಂಚ್‌ನಿಂದ ತಂದ ಗಂಡುಹುಲಿ ಕೆಲವೇ ದಿನಗಳಲ್ಲಿ ತನ್ನ ತವರಿನ ದಿಕ್ಕು ಹಿಡಿದು ಹೊರಟುಬಿಟ್ಟಿತು. ಆರ್. ಶ್ರೀನಿವಾಸಮೂರ್ತಿಯವರ ನೇತೃತ್ವದ ಸಿಬ್ಬಂದಿ ಹಗಲಿರುಳು ಅದರ ಬೆನ್ನುಹತ್ತಿ, ಹಿಡಿದು ಮರಳಿ ತಂದರು. 2010ರಲ್ಲಿ ಅಲ್ಲಿ ಮರಿಗಳು ಹುಟ್ಟಿದವು. ಪನ್ನಾ ಗೆದ್ದದ್ದು ಹುಲಿ ತಂದುದರಿಂದ ಮಾತ್ರವಲ್ಲ, ತಂದ ಮೇಲೆ ಕಾದುದರಿಂದ.

ಇನ್ನು ಮನೆಯ ಹತ್ತಿರದ ಕಥೆಗೆ ಬರೋಣ. ಸೂಳೆಕೆರೆಗೆ ಮಳೆಯ ನೀರಿನ ಜೊತೆಗೆ ಭದ್ರಾ ನಾಲೆಯ ನೀರೂ ಬರುತ್ತದೆ. ಆ ನೀರಿನ ಒಂದು ಪಾಲು ಹುಟ್ಟುವುದು ಭದ್ರಾ ಅಭಯಾರಣ್ಯದ ಕಣಿವೆಗಳಲ್ಲಿ, ಸೋಮವಾಹಿನಿಯಂಥ ಹಳ್ಳಗಳಲ್ಲಿ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಆರಂಭವಾಗಿ, 1974ರಲ್ಲಿ ವಿಸ್ತರಣೆಗೊಂಡು, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನ ವಿಸ್ತಾರ ಸುಮಾರು 492 ಚದರ ಕಿಲೋಮೀಟರ್.

ಮಲೆನಾಡಿನವರಿಗೆ ‘ಹಡ್ಲು’ ಎಂಬ ಮಾತು ಹೊಸದಲ್ಲ. ಕಾಡಿನ ನಡುವಿನ ತಗ್ಗಿನಲ್ಲಿ ವರ್ಷದ ಬಹುಭಾಗ ಒರತೆಯ ತೇವ ಆರದೆ, ಮರ ಬೆಳೆಯದೆ, ಹುಲ್ಲು ಮಾತ್ರ ಹಸಿರಾಗಿ ನಿಲ್ಲುವ ಜೌಗುನೆಲವದು. ಕಡವೆ, ಕಾಟಿ, ಜಿಂಕೆಗಳು ಬೇಸಗೆಯಲ್ಲಿ ಮೇಯುವುದು ಅಲ್ಲಿ. ಹುಲಿ ಹೊಂಚುವುದು ಅದರ ಅಂಚಿನಲ್ಲಿ. ಮನುಷ್ಯನಿಗೂ ಭತ್ತಕ್ಕೆ ಒಪ್ಪುವ ನೆಲ ಅದೇ. ಆದಕಾರಣ ಕಾಡಿನೊಳಗಿನ ಊರುಗಳು ಇಂಥ ತಗ್ಗುಗಳ ಆಸರೆಯಲ್ಲೇ ಬೆಳೆದವು, ಹಡ್ಲುಗಳು ಗದ್ದೆಗಳಾದವು. ಇದರಲ್ಲಿ ಯಾರ ಅಪರಾಧವೂ ಇಲ್ಲ. ಒಂದೇ ನೆಲವನ್ನು ಇಬ್ಬರೂ ಬಯಸಿದರು, ಅಷ್ಟೇ.

ಆ ಗದ್ದೆಗಳಲ್ಲಿ ಬದುಕು ಹೇಗಿತ್ತು? ಭದ್ರೆಯ ಒಳಗಿನ ಹಳ್ಳಿಗಳಲ್ಲಿ ಎಂ. ಡಿ. ಮಧುಸೂದನ್ ಅವರು ನಡೆಸಿದ ಅಧ್ಯಯನದ ಪ್ರಕಾರ ಅಲ್ಲಿನ ಕುಟುಂಬಗಳು ವರ್ಷಕ್ಕೆ ತಮ್ಮ ದನಗಳಲ್ಲಿ ಸುಮಾರು ಶೇಕಡ 12ನ್ನು ಹುಲಿ, ಚಿರತೆಗಳಿಗೂ, ಬೆಳೆದ ಧಾನ್ಯದಲ್ಲಿ ಸುಮಾರು ಶೇಕಡ 11ನ್ನು ಆನೆಗಳಿಗೂ ಕಳೆದುಕೊಳ್ಳುತ್ತಿದ್ದವು. ಸರ್ಕಾರದ ಪರಿಹಾರ ಆ ನಷ್ಟದ ಸಣ್ಣ ಅಂಶವನ್ನಷ್ಟೇ ತುಂಬುತ್ತಿತ್ತು. ರಸ್ತೆಯಿಲ್ಲ, ವಿದ್ಯುತ್ತಿಲ್ಲ, ಮಳೆಗಾಲದಲ್ಲಿ ಆಸ್ಪತ್ರೆ ದೂರದ ಮಾತು. ಅತ್ತ ಕಾಡಿನ ಬಾಳೂ ಹಸನಾಗಿರಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಕಾಡಿಗೆ ಹಬ್ಬಿ ಕಾಟಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಕಾಟಿ ಸತ್ತರೆ ಹುಲಿ ಹಸಿಯುತ್ತದೆ. ಹಸಿದ ಹುಲಿ ಕೊಟ್ಟಿಗೆಯ ಕಡೆ ನೋಡುತ್ತದೆ. ಗೋವಿನ ಹಾಡಿನ ಅರ್ಬುತನೂ ಹಸಿದ ಹುಲಿಯೇ ಎಂಬುದನ್ನು ಮಕ್ಕಳಿಗೆ ಕಲಿಸುವಾಗ ಮರೆಯಬಾರದು. ಭಾರತ 2006ರಲ್ಲಿ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು, 2011ರಲ್ಲಿ ಜಗತ್ತೇ ಮುಕ್ತವಾಯಿತು. ಊರೂರಿನಲ್ಲಿ ದನಗಳಿಗೆ ಲಸಿಕೆ ಹಾಕಿದ ಪಶುವೈದ್ಯ ಸಿಬ್ಬಂದಿ, ತಮಗೇ ತಿಳಿಯದಂತೆ, ಕಾಡಿನ ಕಾಟಿಯನ್ನೂ ಅದರ ಹಿಂದಿನ ಹುಲಿಯನ್ನೂ ಕಾಪಾಡಿದರು.

2001 ಮತ್ತು 2002ರಲ್ಲಿ ಅಭಯಾರಣ್ಯದೊಳಗಿನ ಹಿಪ್ಲ, ಕೆಸವೆ, ಮಾಡ್ಲ ಮೊದಲಾದ ಹಳ್ಳಿಗಳ 419 ಕುಟುಂಬಗಳು ಹೊರಗೆ ನೆಲೆಸಿದವು. ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿ ಹಾಗೂ ಚಿಕ್ಕಮಗಳೂರು ಕಡೆಯ ಕೆಳಗೂರು ಅವರ ಹೊಸ ಊರುಗಳಾದವು. ಭೂಮಿ, ಮನೆ, ಶಾಲೆ, ರಸ್ತೆಗಳನ್ನು ಒದಗಿಸಲಾಯಿತು, ಎಂ. ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ದೊರೆಯಿತು. ಅರಣ್ಯ ಮತ್ತು ಕಂದಾಯ ಅಧಿಕಾರಿಗಳ ಜೊತೆ ಚಿಕ್ಕಮಗಳೂರಿನ ಡಿ. ವಿ. ಗಿರೀಶ್ ಅವರಂಥ ಪರಿಸರಾಸಕ್ತರು ಮನೆಮನೆಗೆ ಓಡಾಡಿದರು. ದೇಶದ ಇತರ ಸ್ಥಳಾಂತರಗಳಿಗೆ ಹೋಲಿಸಿದರೆ ಇದು ಉತ್ತಮವಾಗಿ ನಡೆದುದೆಂದು ಅಧ್ಯಯನಗಳು ಗುರುತಿಸಿವೆ. ಹಾಗೆಂದು ನೋವಿರಲಿಲ್ಲವೆಂದಲ್ಲ. ಹಿರಿಯರ ಸಮಾಧಿ, ಊರದೇವರ ಬನ, ಕೈಯಾರೆ ಕಟ್ಟಿದ ಬದು, ಇವುಗಳಿಗೆ ಪರಿಹಾರದ ಪಟ್ಟಿಯಲ್ಲಿ ಕಲಮೇ ಇರುವುದಿಲ್ಲ.

ಜನ ಹೊರಟ ಮೇಲೆ ಗದ್ದೆಗಳ ಬದು ಕುಸಿದವು, ತಗ್ಗಿನಲ್ಲಿ ನೀರು ತನ್ನ ಹಳೆಯ ಹಾದಿ ಹಿಡಿಯಿತು, ಭತ್ತದ ಕೂಳೆಯ ಮೇಲೆ ಹುಲ್ಲು ಎದ್ದಿತು. ಗದ್ದೆ ಮತ್ತೆ ಹಡ್ಲಾಗತೊಡಗಿತು. ಜಿಂಕೆ, ಕಾಟಿಗಳು ಬಯಲಿಗೆ ಬಂದವು. ಭದ್ರೆಯಲ್ಲಿ ಹುಲಿ ಪೂರ್ತಿ ಅಳಿದಿರಲಿಲ್ಲ, ಆದಕಾರಣ ಹೊರಗಿನಿಂದ ತರಬೇಕಾಗಲಿಲ್ಲ. ಮೇವು ಹೆಚ್ಚಿತು, ಮೇಯುವವು ಹೆಚ್ಚಿದವು, ಹುಲಿ ತಾನಾಗಿ ಚೇತರಿಸಿತು. ಹೆಲಿಕಾಪ್ಟರು, ಪಂಜರ, ಅರಿವಳಿಕೆಯ ಬಂದೂಕು ಯಾವುದೂ ಇಲ್ಲದೆ ನಡೆದ ಮರುನೆಲೆ ಇದು. ಇಬೆರಾದವರು ಕೊಟ್ಯಂತರ ಹಣ ಸುರಿದು ಸಾಧಿಸಿದುದನ್ನು ಭದ್ರೆಯಲ್ಲಿ 419 ಬಡ ಕುಟುಂಬಗಳು ತಮ್ಮ ಮನೆ ಬಿಟ್ಟು ಸಾಧಿಸಿಕೊಟ್ಟವು. ಇಂದು ನಾಲೆಯ ಕೆಳಗೆ ಭತ್ತ ಬೆಳೆಯುವವರು, ಅಡಿಕೆ ತೋಟಕ್ಕೆ ನೀರು ಹಾಯಿಸುವವರು, ಚಿತ್ರದುರ್ಗದಲ್ಲಿ ನಲ್ಲಿ ತಿರುಗಿಸುವವರು ಆ ಕುಟುಂಬಗಳ ಋಣದಲ್ಲಿದ್ದಾರೆ. ಸೂಳೆಕೆರೆಯ ಕಥೆಯಲ್ಲಿ ನೆಲ ಬಿಟ್ಟವರ ಹೆಸರು ಉಳಿಯಿತು. ಭದ್ರೆಯ ಕಥೆಯಲ್ಲಿಯೂ ಉಳಿಯಬೇಕು.

ಹಾಗಾದರೆ ಸೂಳೆಕೆರೆಯ ದಂಡೆಗೆ ಹುಲಿಯನ್ನು ತರಬಹುದೇ? ಲೆಕ್ಕ ಹಾಕಿ ನೋಡೋಣ. ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕೆಂದೂ, ಅಷ್ಟು ಸಿಗಬೇಕಾದರೆ ಆ ನೆಲದಲ್ಲಿ ಸುಮಾರು 500 ಜಿಂಕೆ, ಕಡವೆ, ಕಾಟಿಗಳಿರಬೇಕೆಂದೂ ಉಲ್ಲಾಸ ಕಾರಂತರು ದೀರ್ಘಕಾಲದ ಅಧ್ಯಯನದಿಂದ ತೋರಿಸಿದ್ದಾರೆ. ರೈತರ ಮಾತಿನಲ್ಲಿ ಹೇಳುವುದಾದರೆ 500 ಅಸಲು, 50 ಬಡ್ಡಿ. ಹುಲಿ ಬಡ್ಡಿಯನ್ನು ತಿಂದು ಅಸಲನ್ನು ಉಳಿಸುತ್ತದೆ. ಸೂಳೆಕೆರೆಯ ನೀರಿನ ಹರವು ಇಪ್ಪತ್ತಾರು ಚದರ ಕಿಲೋಮೀಟರ್. ಬೇಟೆ ಹೇರಳವಾಗಿರುವ ಒಳ್ಳೆಯ ಕಾಡಿನಲ್ಲಿ ಒಂದು ಹೆಣ್ಣುಹುಲಿಯ ಸೀಮೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕೆರೆಯ ಸುತ್ತ ಊರು, ಗದ್ದೆ, ತೋಟಗಳಿವೆ, ಅಸಲೆಂಬುದೇ ಇಲ್ಲ. ಅಸಲಿಲ್ಲದ ಕಡೆ ಹುಲಿ ಬಿಟ್ಟರೆ ಬಡ್ಡಿಯನ್ನು ಕೊಟ್ಟಿಗೆ ಕಟ್ಟಬೇಕಾಗುತ್ತದೆ. ಇಲ್ಲಿ ಹುಲಿ ತರುವ ಮಾತು ಹುಲಿಗೂ ಅನ್ಯಾಯ, ಊರಿಗೂ ಅನ್ಯಾಯ.

ಆದರೆ ಅಷ್ಟಕ್ಕೆ ಮಾತು ಮುಗಿಯದು. ಕಾಡು ಈ ತಾಲ್ಲೂಕಿಗೆ ದೂರದ್ದಲ್ಲ. ಉಬ್ರಾಣಿ ಸೀಮೆಯ ಗುಡ್ಡಗಳ ದಾರಿಯಲ್ಲಿ ಭದ್ರೆಯ ಕಡೆಯ ಆನೆಗಳು ಚನ್ನಗಿರಿಗೆ ಇಳಿಯುತ್ತವೆ. 2023ರ ಏಪ್ರಿಲ್‌ನಲ್ಲಿ ಈ ತಾಲ್ಲೂಕಿನಲ್ಲಿ ಕಾಡಾನೆಗೆ ಹದಿಹರೆಯದ ಹುಡುಗಿಯೊಬ್ಬಳು ಬಲಿಯಾದಳು. ಆನೆ ಹಿಡಿಯುವ ಕಾರ್ಯದಲ್ಲಿ ಪಶುವೈದ್ಯರೊಬ್ಬರು ತೀವ್ರವಾಗಿ ಗಾಯಗೊಂಡರು. ಆ ಮನೆಯ ಮುಂದೆ ನಿಂತು ವನ್ಯಜೀವಿಯ ಮಹಿಮೆ ಹೇಳಲು ಯಾರಿಗೂ ಬಾಯಿ ಬಾರದು. ದೊಡ್ಡ ಪ್ರಾಣಿಯನ್ನು ಉಳಿಸುವ ಚಳವಳಿ ಆ ಮನೆಯ ದುಃಖವನ್ನು ತನ್ನ ಲೆಕ್ಕದಲ್ಲಿ ಬರೆದುಕೊಳ್ಳದಿದ್ದರೆ ಅದು ಚಳವಳಿಯಲ್ಲ, ಹವ್ಯಾಸ. ಚಿರತೆಯನ್ನಂತೂ ಯಾರೂ ತಂದು ಬಿಡಬೇಕಾಗಿಲ್ಲ. ಗುಡ್ಡದ ಬಂಡೆಗಳಲ್ಲಿ ಅದು ಇದ್ದೇ ಇದೆ. ಬೀದಿನಾಯಿ ಹೆಚ್ಚಿದ ಊರಿಗೆ ನಾಯಿಯನ್ನು ಅರಸಿ ಬರುತ್ತದೆ.

ಆದ್ದರಿಂದ ಈ ಸೀಮೆಯ ಕೆಲಸ ಹುಲಿಯಿಂದಲ್ಲ, ಕೆರೆಯ ಅಂಚಿನಿಂದ ಆರಂಭವಾಗಬೇಕು. ಕೆರೆಯ ಅಂಚು ಬರಿಯ ನೆಲವಲ್ಲ. ನೀರು ಏರಿ ಇಳಿಯುವ ಆ ಪಟ್ಟಿಯಲ್ಲಿ ಜೊಂಡು, ಆಪು ಬೆಳೆಯುತ್ತವೆ, ಮೀನು ಮೊಟ್ಟೆಯಿಡುತ್ತದೆ, ಹೊಲದಿಂದ ಬಂದ ಹೂಳು, ಗೊಬ್ಬರ ಅಲ್ಲಿ ತಡೆದು ನಿಲ್ಲುತ್ತವೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ತೋಟವೊಂದು ಎರಡು ಮಾರು ಮುಂದೆ ಸರಿದರೆ ಯಾರಿಗೂ ಕಾಣದು. ಹತ್ತು ವರ್ಷದಲ್ಲಿ ಅಂಚೇ ಇಲ್ಲವಾಗುತ್ತದೆ. ಆಮೇಲೆ ಮಳೆ ಹೆಚ್ಚಾದ ವರ್ಷ ಕೆರೆ ತನ್ನ ಜಾಗವನ್ನು ಕೇಳುತ್ತದೆ, ಅಡಿಕೆಮರ ನೀರಲ್ಲಿ ನಿಂತು ಬೇರು ಕೊಳೆಯುತ್ತದೆ. ಅಂಚನ್ನು ಬಿಟ್ಟುಕೊಡುವುದು ತ್ಯಾಗಕ್ಕಿಂತ ಹೆಚ್ಚಾಗಿ ಜಾಣತನ.

ಮಾಡಬೇಕಾದುದು ಹೆಚ್ಚೇನಿಲ್ಲ. ಕೆರೆಯ ಗಡಿಯನ್ನು ಅಳೆದು ಕಲ್ಲು ನೆಡುವಾಗ ಊರವರು ಜೊತೆಗೆ ನಿಲ್ಲಬೇಕು. ಜೊಂಡಿಗೆ ಬೆಂಕಿ ಹಾಕುವ ಅಭ್ಯಾಸ ಬಿಡಬೇಕು. ಕಾಡುಬೆಕ್ಕು ಬದುಕುವುದೂ ನೀರುಹಕ್ಕಿ ಗೂಡು ಕಟ್ಟುವುದೂ ಅದರ ಮರೆಯಲ್ಲೇ. ಕಾಡಂಚಿನ ಊರುಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ, ನಾಯಿಗಳಿಗೂ ಲಸಿಕೆ ತಪ್ಪಬಾರದು. 2018ರಲ್ಲಿ ಗುಜರಾತಿನ ಗಿರ್ ಸಿಂಹಗಳಲ್ಲಿ ಹಲವು ಸತ್ತಾಗ, ನಾಯಿಗಳಲ್ಲೂ ಕಂಡುಬರುವ ಡಿಸ್ಟೆಂಪರ್ ರೋಗದ ವೈರಾಣು ಅವುಗಳಲ್ಲಿ ಪತ್ತೆಯಾಗಿತ್ತು. ರಾತ್ರಿ ಕರುವನ್ನು ಬಾಗಿಲಿರುವ ಕೊಟ್ಟಿಗೆಯಲ್ಲಿ ಕಟ್ಟಬೇಕು. ದನ ಸತ್ತರೆ ಅದೇ ದಿನ ಅರಣ್ಯ ಇಲಾಖೆಗೆ ದೂರು ಕೊಟ್ಟು ಪರಿಹಾರವನ್ನು ಹಕ್ಕಾಗಿ ಕೇಳಬೇಕು. ಸತ್ತ ದನಕ್ಕೆ ವಿಷ ಸವರಬಾರದು. ವಿದ್ಯಾರ್ಥಿಗಳು ವರ್ಷಕ್ಕೆರಡು ಬಾರಿ ಕೆರೆಯ ಅಂಚಿನಲ್ಲಿ ನಡೆದು, ಎಲ್ಲಿ ಜೊಂಡಿದೆ, ಎಲ್ಲಿ ಹೊಸ ಬದು ಎದ್ದಿದೆ, ಯಾವ ಹಕ್ಕಿ ಬಂದಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಹತ್ತು ವರ್ಷಗಳ ಅಂಥ ಪುಸ್ತಕ ಯಾವ ಕಚೇರಿಯ ಮೇಜಿನ ಮೇಲೂ ತೂಕದ ಮಾತಾಗುತ್ತದೆ.

ಮಲೆನಾಡಿನಿಂದ ಬಂದವರು ಊರಿಗೆ ಮರಳುವಾಗ ದಾರಿಯಲ್ಲಿ ಭದ್ರಾ ನಾಲೆಯನ್ನು ದಾಟುತ್ತಾರೆ. ಆ ನೀರಿನ ಮೇಲ್ತುದಿಯಲ್ಲಿ ಹುಲಿಯಿದೆ, ಕೆಳತುದಿಯಲ್ಲಿ ಈ ಕೆರೆಯಿದೆ; ನಡುವೆ ಮನೆ ಬಿಟ್ಟುಕೊಟ್ಟವರ ಹಡ್ಲುಗಳಿವೆ. ಪುಲಿಗೆರೆ ಎಂಬ ಹೆಸರಿನಲ್ಲಿ ಹುಲಿ ಮೊದಲು ಬರುತ್ತದೆ, ಕೆರೆ ಆಮೇಲೆ. ನೆಲದ ಮೇಲೆ ಮಾತ್ರ ಆ ಕ್ರಮ ತಿರುಗುಮುರುಗು: ಕೆರೆ ಮೊದಲು, ಹುಲ್ಲು ಆಮೇಲೆ, ಮೇಯುವ ಪ್ರಾಣಿ ಅದರ ನಂತರ, ಎಲ್ಲಕ್ಕೂ ಜೊತೆಯಾಗಿ ಊರಿನ ಒಪ್ಪಿಗೆ. ಇಷ್ಟೂ ಕೂಡಿಬಂದ ಕಡೆ ಹುಲಿಯನ್ನು ಕರೆಯಬೇಕಾಗಿಲ್ಲ. ಭದ್ರೆಯಲ್ಲಿ ಅದನ್ನು ಯಾರೂ ಕರೆದಿರಲಿಲ್ಲ.